ಹಲಸಿನ ಅಡೆ

ನಾನು ಕಂಡಂತೆ ಕೊಡಗಿಗೆ ರೈಲು ಬಂದದ್ದು ಒಂದೇ ಸಲ,
ಅದೂ ಲಾರಿಯ ಬೆನ್ನ ಮೇಲೆ,
ಮಂಗಳೂರು ಬಂದರಿನಿಂದ ಘಾಟಿ ಹತ್ತುತ್ತ,
ಟಾರ್ಪಾಲು ಹೊದ್ದು, ಸರಪಳಿ ಬಿಗಿಸಿಕೊಂಡು,
ಕಾಯಿಲೆಯ ಎಮ್ಮೆಯನ್ನು ಆಸ್ಪತ್ರೆಗೆ ಸಾಗಿಸಿದ ಹಾಗೆ.

ಜೋಡುಪಾಲದ ಕೆಳಗಿನ ತಿರುವಿನಲ್ಲಿ ನಿಂತೇಬಿಟ್ಟಿತು.
ಟ್ರೇಲರಿಗೆ ತೊಂಬತ್ತಾರು ಚಕ್ರ, ನಾನೇ ಎಣಿಸಿದೆ.
ಇನ್ನೊಮ್ಮೆ ಎಣಿಸಿದಾಗ ತೊಂಬತ್ತೆರಡು ಬಂತು.
ಹಿಂದಿನ ಮೂಲೆ ಬರೆಗೆ ಒರಗಿ, ಮೂತಿ ಕಣಿವೆಯ ಕಡೆ ಚಾಚಿ;
ನಾಮಕ್ಕಲ್ಲಿನ ತಂಗವೇಲು ಇಳಿದು ಬಂದು
ಬಿದಿರುಗಣೆಯಲ್ಲಿ ರಸ್ತೆ ಅಳೆದ,
ಅಳೆದು, ಗಣೆಗೇ ಬೈದ.

ಗ್ಯಾಂಗಿಗೆ ಕರೆ ಬಂತು. ನಾವು ಐದು ಜನ,
ಹಾರೆ, ಪಿಕಾಸಿ, ಹಲಸಿನ ಮರದ ನಾಲ್ಕು ಅಡೆ.
‘ತಿರುವು ಸ್ವಲ್ಪ ಅಗಲ ಮಾಡಿ’ ಎಂದರು ಜೆ.ಇ. ಸಾಹೇಬರು,
ಬೆಲ್ಟು ಒಂದು ತೂತು ಸಡಿಲಿಸುವವರಂತೆ.
ಹಗಲು ಬಸ್ಸುಗಳಿಗೆ ಒಂದು ಮಗ್ಗುಲು ಬಿಡಬೇಕಲ್ಲ,
ರಾತ್ರಿ ಕಡಿದೆವು. ಮೂರು ರಾತ್ರಿ.
ಲೈನ್‌ಮನ್ ಪದ್ಮಯ್ಯ ಒಣ ಬಿದಿರಿನಲ್ಲಿ ತಂತಿ ಎತ್ತಿ ಹಿಡಿದು
ಕುತ್ತಿಗೆ ನೋವೆಂದು ಈಗಲೂ ಹೇಳುತ್ತಾನೆ.

ಕೊಯನಾಡಿನಿಂದ ಶಾಲೆಯ ಮಕ್ಕಳು ಬಂದರು.
ಟಾರ್ಪಾಲಿನ ಅಂಚೆತ್ತಿ ಇಣುಕಿದರು:
ಅರಸಿನದ ಬಣ್ಣ, ಮೂಗಿನ ಮೇಲೆ ಎರಡು ದೀಪ,
ಕಿಟಕಿಯ ಸಾಲಿಲ್ಲ.
‘ಕೂತುಕೊಳ್ಳುವುದು ಎಲ್ಲಿ?’
‘ಇದು ಕೂರುವವರಿಗಲ್ಲ’ ಎಂದಳು ತಹ್ಸೀನ್,
ಇಂಜಿನ್ನಿನ ಜೊತೆ ಡಿಪೋದವರು ಕಳಿಸಿದ್ದ ಹುಡುಗಿ,
ಕೆಸರಿಗೆ ಹೆದರದ ಬೂಟು, ಜಿಗಣೆಗೆ ಹೆದರುವ ಕಾಲು.

ಬೆಂಗಳೂರಿನ ಮೆಟ್ರೋ ಬಾಗಿಲು ಹಾಕಿದ ಮೇಲೆ
ಇದಕ್ಕೆ ಬೆಳಗಾಗುವುದಂತೆ.
ಹಳಿಯ ಕರೆಂಟು ತೆಗೆಯುತ್ತಾರೆ,
ದೊಡ್ಡ ರೈಲುಗಳೆಲ್ಲ ನಿಂತಲ್ಲೇ ಮರದ ಕೊರಡು.
ಇದೊಂದು ತನ್ನದೇ ಬ್ಯಾಟರಿಯಲ್ಲಿ ಹೊರಡುತ್ತದೆ,
ಹಳಿ, ಬೋಲ್ಟು, ನೀರಿನ ಟ್ಯಾಂಕು, ವೆಲ್ಡಿಂಗಿನವರು,
ಸುರಂಗದ ಗೋಡೆ ತೊಳೆಯುವ ಹೆಂಗಸರು,
ಎಲ್ಲರನ್ನೂ ಎಳೆದುಕೊಂಡು.
ನಾಲ್ಕಕ್ಕೆ ವಾಪಸ್ಸು. ಮೊದಲ ಗಾಡಿ ಹತ್ತಿದವರಿಗೆ
ಹಳಿ ರಾತ್ರಿಯಿಡೀ ಮಲಗಿತ್ತು ಅನ್ನಿಸಬೇಕು.

ನಾನು ಪಿಕಾಸಿ ಊರಿ ಕೇಳಿದೆ:
‘ಇದಕ್ಕೆ ನೈಟ್ ಭತ್ಯೆ ಉಂಟಾ?’
ಅವಳು ನಕ್ಕಳು. ಆ ನಗು ನನಗೆ ಪರಿಚಯವಿತ್ತು,
ನಮ್ಮ ಕಚೇರಿಯ ಗುಮಾಸ್ತರೂ ಹಾಗೇ ನಗುವುದು.

ಪಾಪ, ಇನ್ನು ಆಕಾಶ ಕಾಣಲಿಕ್ಕಿಲ್ಲ ಇದು, ಅಂದೆ.
‘ಇಲ್ಲಕ್ಕ, ಡಿಪೋದಲ್ಲಿ ಆಕಾಶ ಉಂಟು,
ದೀಪ ಹೆಚ್ಚು, ನಕ್ಷತ್ರ ಕಾಣುವುದಿಲ್ಲ ಅಷ್ಟೇ.’
ಅನುಕಂಪ ಅರ್ಧಕ್ಕೇ ನಿಂತಿತು. ಮಣ್ಣು ಎಳೆದೆ.

ಗುಡ್ಡ ಇಳಿದ ವರ್ಷ ಇದೇ ರಸ್ತೆಯನ್ನು
ರಾತ್ರಿಯಲ್ಲಿ ಬಿಡಿಸಿದ್ದೆವು, ಕೆಸರಿನಿಂದ, ಬೇರಿನಿಂದ,
ಯಾರದೋ ಮನೆಯ ಬಾಗಿಲಿನಿಂದ.
ಬೆಳಿಗ್ಗೆ ಮೊದಲ ಬಸ್ಸು
ಹಾರನ್ ಕೂಡ ಹೊಡೆಯದೆ ದಾಟಿಹೋಗಿತ್ತು.
ಒಳಗೆ ಎಲ್ಲರೂ ನಿದ್ದೆ.
ಒಳ್ಳೆಯದಾಯಿತು ಅಂದುಕೊಂಡಿದ್ದೆ ಆಗ.
ಒಬ್ಬರಾದರೂ ಎದ್ದಿರಬಹುದಿತ್ತು, ಅಂತಲೂ.

ಮೂರನೆಯ ರಾತ್ರಿ ಒಂದು ಸರಪಳಿ ಸಡಿಲಿ
ಇಂಜಿನ್ನು ಅರ್ಧ ಗೇಣು ಜಾರಿತು.
ತಂಗವೇಲು ತಮಿಳಿನಲ್ಲಿ ದೇವರನ್ನು ಕರೆದ.
ನಾನು ಟ್ರೇಲರು ಹತ್ತಿ, ಕಬ್ಬಿಣದ ಚಕ್ರದ ಬುಡಕ್ಕೆ
ಅಡೆ ತುರುಕಿ ಸುತ್ತಿಗೆಯಲ್ಲಿ ಬಡಿದೆ.
ಬಡಿಯುವಾಗ ಎಡಗೈ ಅದರ ಮೈಗೆ ಊರಿದ್ದೆ.
ಹೊಸ ಬಣ್ಣದ ಮೇಲೆ ಕೆಂಪು ಮಣ್ಣಿನ ಐದು ಬೆರಳು.
ತಹ್ಸೀನ್ ನೋಡಿದಳು, ಒರೆಸಲಿಲ್ಲ.

ನಸುಕಿಗೆ ತಿರುವು ಒಪ್ಪಿತು.
ಒಂದೊಂದೇ ಚಕ್ರ ಉಸಿರು ಹಿಡಿದು ಹೊರಳಿ
ಮದೆನಾಡಿನ ಏರಿನಲ್ಲಿ ಹಳದಿ ಬಣ್ಣ ಸಣ್ಣದಾಯಿತು.
ಆಮೇಲೆ ಹತ್ಯಾರು ಎಣಿಸಿದೆವು: ಅಡೆ ಮೂರು.

‘ಇನ್ನೊಂದು ಎಲ್ಲಿ, ದೇವಕ್ಕಿ?’
‘ರೈಲಿನ ಜೊತೆ ಹೋಯಿತು ಸಾರ್.’
ಜೆ.ಇ. ಪೆನ್ನು ಎತ್ತಿದವರು ಹಾಗೇ ನಿಂತರು.
‘ಹಾಗೆ ಬರೆಯಲಿಕ್ಕಾಗುವುದಿಲ್ಲ.
ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಆಡಿಟ್‌ನವರು ಒಪ್ಪುವುದಿಲ್ಲ.
ಮುರಿದಿದೆ ಅಂತ ಹಾಕುತ್ತೇನೆ.’

ಸಹಿ ಮಾಡಿದೆ.
ಮುರಿದಿರಲಿಕ್ಕಿಲ್ಲ. ಹಲಸು ಅದು.